ಖಗ್ರಾಸ ಸೂರ್ಯಗ್ರಹಣಕ್ಕೆ ಪೂರ್ವಸಿದ್ಧತೆ

(ಸಿಡ್ನಿಯ ಮಗನ ಮನೆಗೆ ಬಂದಿದ್ದ ನಿವೃತ್ತ ಶಿಕ್ಷಕ ದಂಪತಿಗಳು ನಮ್ಮ ಕೂಟದ ಸಭೆಯಲ್ಲಿ ಓದಿದ ಅತಿಥಿ ಉಪನ್ಯಾಸದ ಪೂರ್ಣಪಾಠ)



ತಾಯ್ನಾಡಿನಿಂದ ಇಷ್ಟು ದೂರದಲ್ಲಿ ಕನ್ನಡದ ದೀಪವನ್ನು ಆರದಂತೆ ಕಾಯ್ದುಕೊಂಡು ಬಂದಿರುವ ನಿಮ್ಮೆದುರು ನಾಲ್ಕು ಮಾತನಾಡುವ ಅವಕಾಶ ದೊರೆತದ್ದು ನಮ್ಮ ಭಾಗ್ಯ. ನಾವು ಖಗೋಳ ವಿಜ್ಞಾನಿಗಳಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಗದಗಿನ ಕಡೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನೂ ಇನ್ನೊಬ್ಬರು ಪ್ರಾಥಮಿಕ ಶಾಲೆಯಲ್ಲಿ ಕನ್ನಡವನ್ನೂ ಕಲಿಸಿ ನಿವೃತ್ತರಾದವರು. ಆದರೂ ಗ್ರಹಣದ ವಿಷಯವನ್ನು ಆರಿಸಿಕೊಂಡಿದ್ದೇವೆ. 2028ರ ಜುಲೈ 22, ಶನಿವಾರ, ಮಧ್ಯಾಹ್ನ ಸುಮಾರು ಎರಡು ಗಂಟೆಗೆ ನೀವು ವಾಸಿಸುವ ಈ ಸಿಡ್ನಿ ನಗರದ ಮೇಲೆಯೇ ಚಂದ್ರನ ನೆರಳು ಹಾದುಹೋಗಲಿದೆ. ಅಂಥ ಒಂದು ನೆರಳು ಒಮ್ಮೆ ನಮ್ಮ ಮನೆಯ ಮೇಲೂ ಹಾದುಹೋಗಿತ್ತು. ಅಂದು ನಾವು ಏನು ಮಾಡಿದೆವು ಎಂಬುದನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

1980ರ ಫೆಬ್ರವರಿ 16, ಅಂದೂ ಶನಿವಾರ. ಖಗ್ರಾಸ ಗ್ರಹಣದ ಪಥವು ಅಂಕೋಲೆಯ ಕರಾವಳಿಯಿಂದ ನಾಡನ್ನು ಪ್ರವೇಶಿಸಿ, ಹುಬ್ಬಳ್ಳಿ ಗದಗುಗಳನ್ನು ಆವರಿಸಿ, ರಾಯಚೂರಿನ ಕಡೆಗೆ ಸಾಗಿತ್ತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ಉಪಕರಣಗಳನ್ನು ಸಜ್ಜುಗೊಳಿಸಿದ್ದರು. ನಾವಾದರೋ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಂಗಳಕ್ಕೆ ಇಳಿದಿದ್ದರೆ ಸಾಕಿತ್ತು. ಸುಮಾರು ಎರಡೂವರೆ ನಿಮಿಷದ ಪೂರ್ಣಗ್ರಹಣ ನಮ್ಮ ಹೊಸ್ತಿಲಿಗೇ ಬಂದಿತ್ತು. ಹಿಂದಿನ ವಾರವಷ್ಟೇ ತರಗತಿಯಲ್ಲಿ ನಿಂಬೆಹಣ್ಣು, ಚೆಂಡು, ಕಂದೀಲುಗಳನ್ನಿಟ್ಟುಕೊಂಡು ಗ್ರಹಣವೆಂದರೆ ಬರಿಯ ನೆರಳು, ರಾಹುವೂ ಇಲ್ಲ, ಕೇತುವೂ ಇಲ್ಲ ಎಂದು ಪಾಠ ಹೇಳಿ ಆಗಿತ್ತು. ಆದರೆ ಮನೆಯಲ್ಲಿ ಆರು ತಿಂಗಳ ಬಸುರಿ. ಓಣಿಯವರು ಪರಾತದ ನೀರಿನಲ್ಲಿ ಒನಕೆ ನಿಲ್ಲಿಸುವುದರಲ್ಲಿ ತೊಡಗಿದ್ದರು. ಹಿರಿಯರು ಹೇಳಿದರು, ನೆರೆಯವರು ಹೇಳಿದರು. ಒಂದು ವೇಳೆ ಏನಾದರೂ ಆದರೆ ಎಂಬ ಅಳುಕು ನಮ್ಮೊಳಗೇ ಹೊಕ್ಕಿತು. ವಿಜ್ಞಾನದ ಮೇಷ್ಟರು ತಾವೇ ಎದ್ದು ಬಾಗಿಲಿಗೆ ಅಗುಳಿ ಹಾಕಿದರು.

ಆಗ ನಡೆದ ಒಂದು ಸಂಗತಿ ಇಂದಿಗೂ ನಮ್ಮ ಮನಸ್ಸಿನಿಂದ ಮಾಸಿಲ್ಲ. ಅಡುಗೆಮನೆಯ ಹಂಚಿನ ಸಂದುಗಳಿಂದ ದಿನವೂ ನೆಲದ ಮೇಲೆ ಬೆಳಕಿನ ದುಂಡು ಚುಕ್ಕೆಗಳು ಬೀಳುತ್ತಿದ್ದವು. ಅಂದು ಆ ಚುಕ್ಕೆಗಳು ಒಂದೊಂದೂ ಸವೆಯುತ್ತ ಬಂದವು. ಅದನ್ನು ಮೊದಲು ಕಂಡವರು ನಮ್ಮ ಅವ್ವ. ಅಕ್ಷರ ಕಲಿಯದ ಆ ಹಿರಿಯ ಜೀವ ನೆಲದತ್ತ ಬಾಗಿ, "ಇಲ್ನೋಡೋ, ಸೂರ್ಯಾ ಕುಡಗೋಲ ಆಗ್ಯಾನ" ಎಂದರು. ನಿಜ, ನೆಲದ ತುಂಬ ಬೆಳಕಿನ ಕುಡುಗೋಲುಗಳು. ಸಣ್ಣ ರಂಧ್ರದಿಂದ ಬರುವ ಬೆಳಕು ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ ಎಂಬ ಪಾಠವನ್ನು ಎಷ್ಟೋ ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದರೂ ಕಣ್ಣಾರೆ ಕಂಡದ್ದು ಅಂದೇ. ಕುಡುಗೋಲುಗಳು ತೆಳ್ಳಗಾಗಿ, ಕೂದಲೆಳೆಯಾಗಿ, ಒಮ್ಮೆಲೇ ಅಳಿಸಿಹೋದವು. ಮನೆ ಕತ್ತಲಾಯಿತು. ಹಕ್ಕಿಗಳ ಗಲಾಟೆ ಕೇಳಿಸಿತು. "ಈಗ ಮ್ಯಾಲ ಏನ್ ಕಾಣತದ?" ಎಂದು ಅವ್ವ ಕೇಳಿದರು. ಉತ್ತರ ಹೇಳಲು ನಮಗೆ ಬರಲಿಲ್ಲ. ನಾವು ನೋಡಿರಲಿಲ್ಲವಲ್ಲ!

ಆ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಮೂವತ್ತೆರಡು ವರ್ಷ ಹಿಡಿಯಿತು. ಆ ಹುಡುಕಾಟದಲ್ಲಿ ಕಲಿತದ್ದನ್ನು ನಿಮಗೆ ಹಂಚುವುದೇ ಇಂದಿನ ಉಪನ್ಯಾಸದ ಉದ್ದೇಶ.

ಮೊದಲಿಗೆ, ಖಗ್ರಾಸವನ್ನೇ ಏಕೆ ನೋಡಬೇಕು? ಪಾರ್ಶ್ವಗ್ರಹಣ ಸಾಲದೇ? ಸೂರ್ಯನ ವ್ಯಾಸ ಚಂದ್ರನ ವ್ಯಾಸದ ಸುಮಾರು 400 ಪಟ್ಟು. ಸೂರ್ಯನ ದೂರವೂ ಚಂದ್ರನ ದೂರದ ಸುಮಾರು 400 ಪಟ್ಟು. ಆದುದರಿಂದ ನಮ್ಮ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ ತೋರುತ್ತವೆ, ಚಂದ್ರನು ಸೂರ್ಯನನ್ನು ಸರಿಯಾಗಿ ಮುಚ್ಚಬಲ್ಲನು. ಆದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಮುಚ್ಚಿದರೂ ಉಳಿದ ಒಂದು ಪಾಲು ಹುಣ್ಣಿಮೆಯ ಚಂದ್ರನಿಗಿಂತ ಸಾವಿರಾರು ಪಟ್ಟು ಪ್ರಖರ. ಆ ಒಂದು ಪಾಲು ಇರುವವರೆಗೆ ಸೂರ್ಯನ ಸುತ್ತಲಿನ ಪ್ರಭಾವಲಯವಾದ ಕರೋನ ಕಾಣುವುದಿಲ್ಲ, ಹಗಲಲ್ಲಿ ನಕ್ಷತ್ರ ಮೂಡುವುದಿಲ್ಲ. ಪಥದ ಹೊರಗೆ ನಿಂತವನು ಊಟದ ಮನೆಯ ಹೊರಗೆ ನಿಂತು ಒಗ್ಗರಣೆಯ ವಾಸನೆ ಕುಡಿದಂತೆ. ಈ ಪಥವಾದರೂ ಸಾಮಾನ್ಯವಾಗಿ ನೂರಿನ್ನೂರು ಕಿಲೋಮೀಟರಿನ ಪಟ್ಟಿ. ಭೂಮಿಯ ಯಾವುದೇ ಒಂದು ಊರಿಗೆ ಇದು ಬರುವುದು ಸರಾಸರಿ 375 ವರ್ಷಗಳಿಗೊಮ್ಮೆ. ಸಿಡ್ನಿಗೆ 2028ಕ್ಕೆ ಹಿಂದಿನ ಖಗ್ರಾಸ ಬಂದದ್ದು 1857ರಲ್ಲಿ, ಮುಂದಿನದು 2858ರಲ್ಲಿ. ಈ ನಗರದಲ್ಲಿ ಹುಟ್ಟಿ ಬೆಳೆಯುವ ಎಷ್ಟೋ ತಲೆಮಾರುಗಳಿಗೆ ದೊರೆಯದ ಭಾಗ್ಯ ನಿಮ್ಮ ಪಾಲಿಗೆ ಬಂದಿದೆ.

ಇಂಥ ಕೆಲವು ನಿಮಿಷಗಳಿಗಾಗಿ ಹಿಂದಿನವರು ಪಟ್ಟ ಪರಿಶ್ರಮವನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. 1868ರ ಆಗಸ್ಟ್ 18ರ ಗ್ರಹಣವನ್ನು ಕಾಣಲು ಲಂಡನ್ನಿನ ರಾಯಲ್ ಸೊಸೈಟಿಯು ರೋಹಿತದರ್ಶಕವನ್ನು ಕೊಟ್ಟು ನಿಯೋಜಿಸಿದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೆಲೆ ನಿಂತದ್ದು ನಮ್ಮ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ. ಮುಂಗಾರಿನ ಮೋಡ ಅವರನ್ನು ಬಹಳ ಕಾಡಿತು. ಮೋಡದ ನಡುವೆ ದೊರೆತ ಬಿಡುವಿನಲ್ಲಿಯೇ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ರೇಖೆಗಳನ್ನು ಕಂಡು, ಅವು ಉರಿಯುವ ಅನಿಲವೆಂದು ಗುರುತಿಸಿದವರಲ್ಲಿ ಅವರೂ ಒಬ್ಬರಾದರು.

ಇನ್ನೊಂದು ಕಥೆ ನೀವು ನೆಲೆಸಿರುವ ಈ ಖಂಡಕ್ಕೇ ಸೇರಿದ್ದು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದ ನಿರ್ದೇಶಕ ಕ್ಯಾಂಪ್‌ಬೆಲ್ ಅವರು, ಸೂರ್ಯನ ಬಳಿ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆ ಎಂಬ ಐನ್‌ಸ್ಟೈನರ ಮಾತನ್ನು ಪರೀಕ್ಷಿಸಲು 1914ರಲ್ಲಿ ಕೀವ್ ನಗರದ ಬಳಿಗೆ ಹೋದರು. ಮೋಡ ಕವಿಯಿತು. ಆಗಲೇ ಮಹಾಯುದ್ಧ ಆರಂಭವಾಗಿದ್ದುದರಿಂದ ಉಪಕರಣಗಳು ಅಲ್ಲಿಯೇ ಉಳಿದವು. 1918ರ ಗ್ರಹಣ ಅಮೆರಿಕದಲ್ಲಿಯೇ ನಡೆದರೂ ಆ ಉಪಕರಣಗಳು ಹೊತ್ತಿಗೆ ಬಾರದೆ, ಬೇರೆಯವನ್ನು ಹೊಂದಿಸಿಕೊಂಡು ಪಡೆದ ಫಲ ತೃಪ್ತಿ ಕೊಡಲಿಲ್ಲ. ಆದರೂ ಎದೆಗುಂದದೆ 1922ರ ಸೆಪ್ಟೆಂಬರ್ 21ರ ಗ್ರಹಣಕ್ಕಾಗಿ ಪಶ್ಚಿಮ ಆಸ್ಟ್ರೇಲಿಯದ ನಿರ್ಜನ ತೀರವಾದ ವಲ್ಲಾಲಿಗೆ ಬಂದರು. ತಲುಪುವುದು ಕಷ್ಟ, ಆದರೆ ಆಕಾಶ ನಿರ್ಮಲ. ಪೂರ್ಣಗ್ರಹಣ ಐದು ನಿಮಿಷಕ್ಕೂ ಮಿಕ್ಕಿದ್ದು. ಅಲ್ಲಿ ಪಡೆದ ಚಿತ್ರಗಳು ಐನ್‌ಸ್ಟೈನರ ಲೆಕ್ಕವನ್ನು ದೃಢಪಡಿಸಿದವು. ನಮ್ಮ ಕೊಡೈಕನಾಲ್ ವೀಕ್ಷಣಾಲಯದ ಎವರ್ಷೆಡ್ ಅವರೂ ಅದೇ ತೀರಕ್ಕೆ ಬಂದಿದ್ದರು. ಉಪಕರಣಗಳ ತೊಂದರೆಯಿಂದ ಅವರಿಗೆ ಬಯಸಿದ ಫಲ ದೊರೆಯಲಿಲ್ಲ. ಒಂದೇ ತೀರ, ಒಂದೇ ಆಕಾಶ. ಗ್ರಹಣವು ತಪ್ಪದೆ ಬರುತ್ತದೆ, ಆದರೆ ನೋಡುವವನಿಗಾಗಿ ಕಾಯುವುದಿಲ್ಲ.

ಈ ಪಾಠಗಳನ್ನು ಓದಿ ತಿಳಿದಿದ್ದರೂ ನಾವು 2009ರಲ್ಲಿ ಎಡವಿದೆವು. ಆ ವರ್ಷದ ಜುಲೈ 22ರ ಬೆಳಿಗ್ಗೆ ಬಿಹಾರದ ತಾರೇಗನಾದಲ್ಲಿ ಮೂರೂವರೆ ನಿಮಿಷದ ಖಗ್ರಾಸವೆಂದೂ, ಆರ್ಯಭಟನ ಹೆಸರಿನೊಡನೆ ಆ ಸ್ಥಳದ ನಂಟಿದೆಯೆಂದೂ ಪತ್ರಿಕೆಗಳಲ್ಲಿ ಓದಿ, ರೈಲಿನಲ್ಲಿ ಹೊರಟೆವು. ಸ್ಥಳದ ಕೀರ್ತಿಯನ್ನು ವಿಚಾರಿಸಿದೆವೇ ಹೊರತು ಜುಲೈ ತಿಂಗಳಲ್ಲಿ ಅಲ್ಲಿಯ ಆಕಾಶದ ಗತಿಯೇನೆಂದು ವಿಚಾರಿಸಲಿಲ್ಲ. ನಡುಮಳೆಗಾಲ. ಸಾವಿರಾರು ಜನ ತಲೆಯೆತ್ತಿ ನಿಂತಿದ್ದಂತೆಯೇ ಮೋಡದ ಹಿಂದೆ ಗ್ರಹಣ ಮುಗಿದುಹೋಯಿತು. ಕತ್ತಲು ಕವಿದದ್ದು ಕಂಡಿತು, ಕವಿಸಿದ್ದು ಕಾಣಲಿಲ್ಲ. 1980ರಲ್ಲಿ ಹಂಚು ಅಡ್ಡವಾಗಿತ್ತು, ಈ ಸಲ ಮುಗಿಲು.

ಊರಿಗೆ ಮರಳಿದಾಗ ಎಂಬತ್ತು ದಾಟಿದ್ದ ಅವ್ವ ಜಗುಲಿಯ ಮೇಲೆ ಕುಳಿತಿದ್ದರು. ಎಲ್ಲವನ್ನೂ ಕೇಳಿ ನಕ್ಕು, "ಮುಂದಿನ ಸಲ ನನ್ನೂ ಕರಕೊಂಡ ಹೋಗ್ರಿ, ಅವತ್ತ ನಾನೂ ನೋಡಿಲ್ಲ" ಎಂದರು. ಆಗಲಿ ಎಂದೆವು. ಮುಂದಿನ ಸಲ ಬರುವಷ್ಟರಲ್ಲಿ ಅವ್ವ ಇರಲಿಲ್ಲ. ಗ್ರಹಣದ ಗಳಿಗೆಯನ್ನು ಬಹಳ ಮುಂಚೆಯೇ ಲೆಕ್ಕಹಾಕಿ ಹೇಳಬಹುದು. ನೋಡುವವರ ಆಯುಷ್ಯವನ್ನು ಹೇಳುವ ಪಂಚಾಂಗ ಯಾವುದಿದೆ?

2012ರ ನವೆಂಬರ್ 14ರ ಗ್ರಹಣಕ್ಕೆ ಇಲ್ಲಿಯ ಮಗನೇ ನಮ್ಮನ್ನು ಕೇರ್ನ್ಸಿಗೆ ಕರೆದೊಯ್ದ. ಬೆಳಿಗ್ಗೆ ಆರೂವರೆಯ ನಂತರ, ಸಮುದ್ರದ ಮೇಲೆ ಸೂರ್ಯ ಇನ್ನೂ ಕೆಳಗಿರುವಾಗಲೇ ಗ್ರಹಣ. ತೀರದಲ್ಲಿ ಕೋಣೆ ಕಾದಿರಿಸಿದ್ದೆವು. ಆದರೆ ಈ ಸಲ ಎರಡನೆಯ ಸ್ಥಳವೊಂದನ್ನೂ ಗೊತ್ತುಮಾಡಿದ್ದೆವು: ಬೆಟ್ಟಸಾಲಿನ ಆಚೆ, ಕಡಲ ಮೋಡ ಸಾಮಾನ್ಯವಾಗಿ ತಲುಪದ ಒಣಬಯಲು. ಹಿಂದಿನ ಸಂಜೆ ತೀರದ ಮೇಲೆ ಮೋಡ ಕಟ್ಟುತ್ತಿದ್ದುದನ್ನು ಕಂಡು, ಹಣ ತೆತ್ತ ಕೋಣೆಯ ಆಸೆ ಬಿಟ್ಟು, ರಾತ್ರಿಯೇ ಕಾರಿನಲ್ಲಿ ಬೆಟ್ಟವೇರಿ ಆಚೆಗಿಳಿದೆವು. ಬೆಳಿಗ್ಗೆ ತೀರದಲ್ಲಿ ನಿಂತವರಲ್ಲಿ ಹಲವರಿಗೆ ಮೋಡ ಅಡ್ಡಬಂದಿತ್ತು. ನಮಗೆ ಆಕಾಶ ತೆರೆದಿತ್ತು.

ಆ ಸುಮಾರು ಎರಡು ನಿಮಿಷಗಳನ್ನು ವರ್ಣಿಸುವ ಶಕ್ತಿ ನಮಗಿಲ್ಲ. ಸುತ್ತಲ ಬೆಳಕು ಬಣ್ಣಗೆಟ್ಟಿತು, ತಣ್ಣನೆಯ ಗಾಳಿ ಬೀಸಿತು, ಉಂಗುರದ ಹರಳಿನಂತೆ ಕೊನೆಯ ಕಿರಣವೊಂದು ಥಳಥಳಿಸಿ ಆರಿತು. ಅನಂತರ ಆಕಾಶದಲ್ಲಿ ಕಂಡದ್ದು ಕಡುಗಪ್ಪು ಬಿಲ್ಲೆ. ಅದರ ಸುತ್ತ, ನಮ್ಮ ಗದಗಿನ ಅರಳೆಯನ್ನು ಬೆರಳಿನಿಂದ ಎಳೆ ಬಿಡಿಸಿದಂತೆ ಬೆಳ್ಳಗಿನ ಪ್ರಭೆ. ಬರೆದುಕೊಂಡು ಹೋದ ಪಟ್ಟಿ ಜೇಬಿನಲ್ಲೇ ಉಳಿಯಿತು. ಮೂವತ್ತೆರಡು ವರ್ಷಗಳ ಹಿಂದೆ ಯಾವ ಕೂಸಿಗೆ ಕೆಡುಕಾದೀತೆಂದು ಅಗುಳಿ ಹಾಕಿದ್ದೆವೋ ಆ ಕೂಸೇ ನಮ್ಮ ನಡುವೆ ನಿಂತು ಇಬ್ಬರ ಕೈಯನ್ನೂ ಹಿಡಿದಿತ್ತು. ಅವ್ವನ ಪ್ರಶ್ನೆಗೆ ಉತ್ತರ ದೊರೆತಿತ್ತು. ಹೇಳಲು ಅವ್ವ ಇರಲಿಲ್ಲ.

ಬಂಧುಗಳೇ, ಈಗ ನಿಮ್ಮ ಗ್ರಹಣಕ್ಕೆ ಬರೋಣ. 2028ರ ಪಥವು ಕಿಂಬರ್ಲಿ ಪ್ರದೇಶದಿಂದ ಖಂಡವನ್ನು ಓರೆಯಾಗಿ ದಾಟಿ, ಡಬ್ಬೋ ಮೂಲಕ ಸಿಡ್ನಿಗೆ ಬಂದು, ಕಡಲು ದಾಟಿ ನ್ಯೂಜಿಲೆಂಡಿನ ಡನೀಡಿನ್ ಕಡೆಗೆ ಹೋಗುತ್ತದೆ. ಕಿಂಬರ್ಲಿಯಲ್ಲಿ ಪೂರ್ಣಗ್ರಹಣದ ಅವಧಿ 5 ನಿಮಿಷ ದಾಟುತ್ತದೆ. ಸಿಡ್ನಿಯಲ್ಲಿ ಸುಮಾರು 3 ನಿಮಿಷ 48 ಸೆಕೆಂಡು, ಒಂದು ಭಾವಗೀತೆ ಹಾಡಿ ಮುಗಿಸುವಷ್ಟು ಹೊತ್ತು. ಮೆಲ್ಬರ್ನ್, ಬ್ರಿಸ್ಬೇನ್, ಕ್ಯಾನ್‌ಬೆರಾಗಳ ಬಂಧುಗಳಿಗೆ ಅಲ್ಲಿ ಪಾರ್ಶ್ವಗ್ರಹಣ ಮಾತ್ರ. ಅವರು ಬರುವುದಾದರೆ ಇಳಿದುಕೊಳ್ಳಲು ನಿಮ್ಮ ಮನೆಗಳಿವೆ. ಆದರೆ ಯಾರು ಯಾರ ಮನೆಗೆ ಎಂಬುದನ್ನು ಈ ಕೂಟವು ಬಹಳ ಮುಂಚೆಯೇ ನಿಶ್ಚಯಿಸುವುದು ಒಳ್ಳೆಯದು.

ಎರಡನೆಯದಾಗಿ, ನಿಲ್ಲುವ ಜಾಗ. ಈ ಗೋಳಾರ್ಧದ ಚಳಿಗಾಲದಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ತಗ್ಗಾಗಿ ಸಾಗುತ್ತಾನೆ. ಅಂದು ಎರಡು ಗಂಟೆಗೆ ಅವನಿರುವುದು ವಾಯವ್ಯದ ಕಡೆಗೆ, ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಮಾತ್ರ. ಒಂದು ಎತ್ತರದ ಕಟ್ಟಡ, ಒಂದು ನೀಲಗಿರಿ ಮರ ಸಾಕು ಅವನನ್ನು ಮರೆಮಾಡಲು. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಸೂರ್ಯನು ಪ್ರತಿವರ್ಷ ಅದೇ ದಿನ ಅದೇ ಗಂಟೆಗೆ ಬಹುಮಟ್ಟಿಗೆ ಅದೇ ಸ್ಥಾನದಲ್ಲಿರುತ್ತಾನೆ. ಹಿಂದಿನ ವರ್ಷದ ಜುಲೈ 22ರ ಮಧ್ಯಾಹ್ನ ಎರಡು ಗಂಟೆಗೆ ನೀವು ಆರಿಸಿದ ಜಾಗದಲ್ಲಿ ಹೋಗಿ ನಿಲ್ಲಿ. ನಿಮ್ಮ ಮೇಲೆ ಬಿಸಿಲು ಬಿದ್ದರೆ ಆ ಜಾಗ ಆದೀತು. ನೆರಳಿದ್ದರೆ ಬೇರೆಯದನ್ನು ನೋಡಿ.

ಮೂರನೆಯದಾಗಿ, ಮೋಡ. ಸಿಡ್ನಿಯ ಚಳಿಗಾಲದಲ್ಲಿ ಬಿಸಿಲಿನ ದಿನಗಳು ಬೇಕಾದಷ್ಟು, ಆದರೆ ಭರವಸೆ ಕೊಡುವಂತಿಲ್ಲ. ಆದ್ದರಿಂದ ಎರಡನೆಯ ಸ್ಥಳವೊಂದು ಇರಲಿ. ಅದೂ ಪಥದ ಒಳಗೇ ಇರಲಿ: ಬ್ಲೂ ಮೌಂಟನ್ಸ್ ಬೆಟ್ಟಗಳ ಆಚೆ, ಮಜ್ಜಿ ಅಥವಾ ಡಬ್ಬೋ ಕಡೆ. ಬೆಟ್ಟ ದಾಟುವ ರಸ್ತೆಗಳು ಎಷ್ಟು ಕಡಿಮೆಯೆಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಹೋಗುವುದಾದರೆ ಹಿಂದಿನ ದಿನವೇ ಹೋಗಬೇಕು. 2017ರಲ್ಲಿಯೂ 2024ರಲ್ಲಿಯೂ ಅಮೆರಿಕದ ಹೆದ್ದಾರಿಗಳಲ್ಲಿ ಗ್ರಹಣಕ್ಕೆ ಬಂದವರ ಕಾರುಗಳು ಗಂಟೆಗಟ್ಟಲೆ ಸಿಕ್ಕಿಬಿದ್ದದ್ದನ್ನು ಮರೆಯಬಾರದು. ಎರಡು ದಿನ ಮುಂಚಿನಿಂದ ಹವಾಮಾನ ವರದಿ ನೋಡುತ್ತ, ನಿಲ್ಲುವುದೋ ಹೊರಡುವುದೋ ಎಂದು ಹಿಂದಿನ ಸಂಜೆಯೊಳಗೆ ತೀರ್ಮಾನಿಸಿ.

ನಾಲ್ಕನೆಯದಾಗಿ, ಕಣ್ಣು. ಗ್ರಹಣದಲ್ಲಿ ನಿಜವಾದ ಅಪಾಯ ಇದೊಂದೇ. ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ಕಪ್ಪು ಕನ್ನಡಕ, ನಮ್ಮ ಹಳ್ಳಿಗಳಲ್ಲಿ ಇಡುತ್ತಿದ್ದ ಸಗಣಿನೀರಿನ ಪಾತ್ರೆ, ಇವಾವುವೂ ಸುರಕ್ಷಿತವಲ್ಲ. ಐಎಸ್‌ಒ 12312-2 ಎಂಬ ಮಾನಕಕ್ಕೆ ಒಪ್ಪುವ ಗ್ರಹಣ ಕನ್ನಡಕಗಳನ್ನು ನಂಬಿಕೆಯ ಮಾರಾಟಗಾರರಿಂದ ತಿಂಗಳುಗಳ ಮುಂಚೆಯೇ ಕೊಳ್ಳಿ. ಗೀರು, ತೂತುಗಳಿದ್ದರೆ ಎಸೆಯಿರಿ. ಸೂರ್ಯನ ಒಂದು ಎಳೆ ಉಳಿದಿರುವವರೆಗೂ ಕನ್ನಡಕ ಕಣ್ಣಿನ ಮೇಲಿರಲಿ. ಪೂರ್ಣವಾಗಿ ಮುಚ್ಚಿದೊಡನೆ ತೆಗೆಯಿರಿ, ಆಗ ಬರಿಗಣ್ಣಿನಿಂದಲೇ ನೋಡಬೇಕು. ಭಯದಿಂದ ಕನ್ನಡಕ ತೆಗೆಯದೆ ಆ ಮೂರು ನಿಮಿಷ ಬರಿಯ ಕತ್ತಲನ್ನು ಕಂಡರೆ ಬಂದದ್ದೇ ವ್ಯರ್ಥ. ಗಡಿಯಾರ ಹಿಡಿದ ಒಬ್ಬರು ಗಟ್ಟಿಯಾಗಿ ಸಮಯ ಹೇಳುತ್ತಿರಲಿ. ಮೊದಲ ಕಿರಣ ಮರಳುತ್ತಲೇ ಎಲ್ಲರೂ ಮತ್ತೆ ಕನ್ನಡಕ ಧರಿಸಲಿ. ಇದನ್ನು ಮಕ್ಕಳೊಡನೆ ಮನೆಯಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿರಿ. ಮೊದಲ ಸಲ ನೋಡುವವರು ಚಿತ್ರ ತೆಗೆಯುವ ಗೋಜಿಗೆ ಹೋಗಬೇಡಿ. ನಿಮಗಿಂತ ಒಳ್ಳೆಯ ಚಿತ್ರಗಳನ್ನು ಬೇರೆಯವರು ತೆಗೆದಿರುತ್ತಾರೆ.

ಇನ್ನು ನಂಬಿಕೆಯ ಮಾತು. ಸ್ಪರ್ಶಕ್ಕೂ ಮೋಕ್ಷಕ್ಕೂ ಸ್ನಾನ ಮಾಡುವವರು ಮಾಡಲಿ, ಉಪವಾಸವಿರುವವರು ಇರಲಿ. ಅದಾವುದೂ ನೋಡುವುದಕ್ಕೆ ಅಡ್ಡಿಯಲ್ಲ. ಗ್ರಹಣದ ನೆರಳಿನಿಂದ ಗರ್ಭದ ಕೂಸಿಗೆ ಯಾವ ಕೇಡೂ ಇಲ್ಲ. ಬಸುರಿಯರು ಕಾಪಾಡಿಕೊಳ್ಳಬೇಕಾದದ್ದು ಎಲ್ಲರಂತೆ ತಮ್ಮ ಕಣ್ಣನ್ನು ಮಾತ್ರ. ಈ ಮಾತನ್ನು ಅಗುಳಿ ಹಾಕಿ ಕುಳಿತು ಪಶ್ಚಾತ್ತಾಪಪಟ್ಟವರ ಬಾಯಿಂದ ಕೇಳುತ್ತಿದ್ದೀರಿ.

ಬೇರೆ ದೇಶಗಳಲ್ಲಿರುವ ನಿಮ್ಮ ಬಂಧುಗಳಿಗೂ ತಿಳಿಸಿ. ಗ್ರಹಣಗಳಿಗೆ ವಂಶಾವಳಿಯಿದೆ. ಸಾರೋಸ್ ಎಂಬ 18 ವರ್ಷ 11 ದಿನ 8 ಗಂಟೆಗಳ ಚಕ್ರದಲ್ಲಿ ಒಂದೇ ಕುಲದ ಗ್ರಹಣ ಮರಳುತ್ತದೆ, ಬೇರೆ ನೆಲದ ಮೇಲೆ. ತಾರೇಗನಾದಲ್ಲಿ ನಮಗೆ ಮುಖ ತೋರಿಸದ ಗ್ರಹಣದ ಮುಂದಿನ ತಲೆ 2027ರ ಆಗಸ್ಟ್ 2ರದು. ಅದರ ಪಥದಲ್ಲಿ ಈಜಿಪ್ಟಿನ ಲಕ್ಸರ್ ಇದೆ, ಅಲ್ಲಿ ಅವಧಿ ಆರು ನಿಮಿಷಕ್ಕೂ ಹೆಚ್ಚು. ಜೆಡ್ಡಾ ನಗರವೂ ಇದೆ. ಗದಗಿನಲ್ಲಿ ನಾವು ಕಳೆದುಕೊಂಡ ಗ್ರಹಣದ ಕುಲವು 2034ರ ಮಾರ್ಚ್ 20ರಂದು ನಮ್ಮ ಲಡಾಖಿನ ನೆಲವನ್ನು ಮುಟ್ಟಲಿದೆ. ಈ ಖಂಡಕ್ಕೆ 2030ರಲ್ಲಿ, 2037ರಲ್ಲಿ, 2038ರಲ್ಲಿ ಮತ್ತೆ ಖಗ್ರಾಸಗಳಿವೆ.

ಕೊನೆಯದಾಗಿ ಒಂದೇ ವಿನಂತಿ. ಊರಿನಲ್ಲಿರುವ ನಿಮ್ಮ ತಂದೆತಾಯಿಯರನ್ನು ಕರೆಸಿಕೊಳ್ಳುವ ಯೋಚನೆಯಿದ್ದರೆ ಆ ಜುಲೈ ತಿಂಗಳಿಗೆ ಹೊಂದುವಂತೆ ಕರೆಸಿಕೊಳ್ಳಿ. ವೀಸಾ, ಟಿಕೆಟು, ಆರೋಗ್ಯ ವಿಮೆಗಳಿಗೆ ತಿಂಗಳುಗಳೇ ಬೇಕಾಗುತ್ತವೆ. ಚಳಿಗೆ ಶಾಲು, ಕೂಡಲು ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ ಇರಲಿ. ಅವರ ಕೈ ಹಿಡಿದು ಅಂಗಳಕ್ಕೆ ಕರೆತನ್ನಿ. ಮುಂದಿನ ಸಲ ಎಂದು ನಾವೂ ಒಮ್ಮೆ ಹೇಳಿದ್ದೆವು. ಆ ದಿನ ನಿಮ್ಮ ಮನೆಯಲ್ಲಿ ಯಾರಾದರೂ ಮೇಲೆ ಏನು ಕಾಣುತ್ತದೆ ಎಂದು ಕೇಳಿದರೆ ಬಾಯಿಂದ ಉತ್ತರ ಹೇಳಬೇಡಿ. ಬಾಗಿಲು ತೆರೆದು ತೋರಿಸಿ.